ಮುಂದಿನ ಹತ್ತು ವರ್ಷಕ್ಕೆ ಕಾಫಿ ರೇಟಲ್ಲ, ನೀರಿನ ಲೆಕ್ಕ ಹಾಕಿ

ಈಗ ಯಾವ ತೋಟಕ್ಕೆ ಹೋದರೂ ಒಂದೇ ಪ್ರಶ್ನೆ. "ಸರ್, ಈ ರೇಟು ಇನ್ನೆಷ್ಟು ವರ್ಷ ನಿಲ್ಲುತ್ತೆ?" ಮೂಡಿಗೆರೆಯಲ್ಲೂ ಕೇಳುತ್ತಾರೆ, ಸಕಲೇಶಪುರದಲ್ಲೂ ಕೇಳುತ್ತಾರೆ. ರೇಟಿನ ಭವಿಷ್ಯ ನಾನು ಹೇಳುವುದಿಲ್ಲ. ಅದು ತೀರ್ಮಾನವಾಗುವುದು ಬ್ರೆಜಿಲ್, ವಿಯೆಟ್ನಾಂ ಕಡೆ. 2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟವು. ಆಮೇಲೆ ವಿಯೆಟ್ನಾಂನಲ್ಲಿ ಬರ ಬಂತು. 2024ರಲ್ಲಿ ನಮ್ಮಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕೆಜಿ ಮೂಟೆಗೆ ಹತ್ತು ಸಾವಿರ ರೂಪಾಯಿ ದಾಟಿತು. ಅಲ್ಲಿ ಎರಡು ವರ್ಷ ಮಳೆ ಸರಿಯಾಗಿ ಬಂದರೆ ಇಲ್ಲಿ ರೇಟು ಇಳಿಯುತ್ತದೆ.

ಆದರೆ ಮುಂದಿನ ಹತ್ತು ವರ್ಷದ ಬಗ್ಗೆ ಈಗಲೇ ಧೈರ್ಯವಾಗಿ ಹೇಳಬಹುದಾದ ಸಂಗತಿಗಳೂ ಇವೆ. ಇವತ್ತು ನೆಟ್ಟ ಗಿಡ ಕಾಯಿ ಬಿಡಲು ಮೂರ್ನಾಲ್ಕು ವರ್ಷ ಬೇಕು, ಪೂರ್ತಿ ಫಸಲಿಗೆ ಆರೇಳು ವರ್ಷ. ಅಂದರೆ ಈ ಮಳೆಗಾಲದಲ್ಲಿ ಗಿಡ ನೆಡುವವರು 2035ರ ಬಿಸಿಲು, ಮಳೆ ಹೇಗಿರುತ್ತದೆ ಎಂದು ಯೋಚಿಸಿಯೇ ಗುಂಡಿ ತೆಗೆಸಬೇಕು.

ಸೆಕೆ ಜಾಸ್ತಿಯಾಗುತ್ತದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕೆ ಬೆಳೆಯುವುದಕ್ಕೆ ಮುಂಚಿನ ಕಾಲಕ್ಕಿಂತ ಒಂದೂವರೆ ಡಿಗ್ರಿ ಮೀರಿದ ಮೊದಲ ವರ್ಷ 2024. ನಮ್ಮಲ್ಲಿ ಬೆಳೆಯುವ ಎರಡು ಕಾಫಿ ಜಾತಿಗಳಲ್ಲಿ ಅರೇಬಿಕಾಗೆ ಹಿತವಾದದ್ದು 15ರಿಂದ 25 ಡಿಗ್ರಿ, ರೊಬಸ್ಟಾಗೆ 20ರಿಂದ 30. ಮಾರ್ಚ್, ಏಪ್ರಿಲ್ ಮಧ್ಯಾಹ್ನ ನಿಮ್ಮ ತೋಟದಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ ನೋಡಿ, ಈ ಗಡಿ ಎಷ್ಟು ಹತ್ತಿರ ಬಂದಿದೆ ಅಂತ ತಿಳಿಯುತ್ತದೆ.

ಮಳೆಯ ವಿಷಯ ಇನ್ನೂ ಗಂಭೀರ. ನಮ್ಮ ಮನೆಗಳಲ್ಲಿ ಇಂಚು, ಸೆಂಟಿನ (ನೂರು ಸೆಂಟಿಗೆ ಒಂದು ಇಂಚು) ಲೆಕ್ಕದಲ್ಲಿ ಮಳೆ ಬರೆದಿಟ್ಟ ಹಳೇ ಪುಸ್ತಕಗಳಿವೆ. ಅಜ್ಜ ಬರೆದದ್ದು, ಅಪ್ಪ ಬರೆದದ್ದು. ಅವನ್ನು ತೆಗೆದು ನೋಡಿ. ಆದರೆ ವರ್ಷದ ಒಟ್ಟು ಮಳೆಯನ್ನು ಮಾತ್ರ ನೋಡಬೇಡಿ. ಹೂವು ಅರಳಿಸುವ ಹೂಮಳೆ ಯಾವ ವಾರ ಬಂತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಕೊಯ್ಲಿನ ಹೊತ್ತಲ್ಲಿ ಎಷ್ಟು ಸುರಿಯಿತು, ಅದನ್ನು ನೋಡಿ. 2021ರ ನವೆಂಬರ್ ನೆನಪಿದೆಯಲ್ವಾ? ಅರೇಬಿಕಾ ಹಣ್ಣು ಗಿಡದಲ್ಲೇ ಒಡೆದು ಉದುರಿತು, ಕಣದಲ್ಲಿದ್ದದ್ದು ಬೂಸಲು ಹಿಡಿಯಿತು. ಅಂಥ ವರ್ಷಗಳು ಇನ್ನು ಜಾಸ್ತಿ ಬರುತ್ತವೆ. ಬಿಸಿ ಗಾಳಿ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟಾಗ ಒಂದೇ ಸಲಕ್ಕೆ ಸುರಿಸುತ್ತದೆ. ಮಳೆ ದಿನಗಳ ನಡುವಿನ ಬಿಡುವೂ ಉದ್ದವಾಗುತ್ತದೆ.

ರೊಬಸ್ಟಾ ಹೂವನ್ನು ಹತ್ತಿರದಿಂದ ನೋಡಿದವರಿಗೆ ಇದರ ಪೆಟ್ಟು ಬೇಗ ಅರ್ಥವಾಗುತ್ತದೆ. ಮೊಗ್ಗು ಬಲಿತು ನೀರಿಗೆ ಕಾಯುತ್ತಿರುತ್ತದೆ. ಒಂದೂವರೆ ಇಂಚು ಬಿದ್ದರೆ ವಾರದಲ್ಲಿ ತೋಟವೆಲ್ಲ ಬಿಳಿ. ಬರೀ ಇಪ್ಪತ್ತು, ಮೂವತ್ತು ಸೆಂಟ್ ಬಿದ್ದು ಆಮೇಲೆ ಬಿಸಿಲು ಕಾದರೆ ಮೊಗ್ಗು ಅರ್ಧಕ್ಕೆ ಬಿರಿದು ನಿಲ್ಲುತ್ತದೆ. ಎಸಳು ಗಟ್ಟಿಯಾಗಿ, ಹಸಿರಾಗಿ, ನಕ್ಷತ್ರದ ಹಾಗೆ. ಅದು ಕಾಯಿ ಕಟ್ಟುವುದಿಲ್ಲ. ಆ ರೆಕ್ಕೆಯ, ಅಂದರೆ ಆ ಕೊಂಬೆಯ, ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು.

ಹಾಗಾಗಿ ಸ್ಪ್ರಿಂಕ್ಲರ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನೀರು ಎಲ್ಲಿಂದ? ಒಂದು ಎಕರೆಗೆ ಒಂದು ಇಂಚು ಅಂದರೆ ಸುಮಾರು 1.03 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚು, ಬ್ಯಾಕಿಂಗ್‌ಗೆ ಒಂದು ಇಂಚು ಹಿಡಿದರೆ ಎಕರೆಗೆ ಎರಡೂವರೆ ಲಕ್ಷ ಲೀಟರ್ ದಾಟುತ್ತದೆ. ಹತ್ತು ಎಕರೆಗೆ 25 ಲಕ್ಷಕ್ಕೂ ಮೇಲೆ. ನೂರಡಿ ಉದ್ದ, ನೂರಡಿ ಅಗಲ, ಹತ್ತಡಿ ಆಳದ ಕೆರೆಗೆ ಹಿಡಿಯುವುದೇ 28 ಲಕ್ಷ, ಅದೂ ದಡ ನೇರವಾಗಿದ್ದರೆ. ಇಳಿಜಾರು ದಡ, ಆವಿ, ಇಂಗಿದ್ದು ಎಲ್ಲ ಕಳೆದರೆ ಹತ್ತು ಎಕರೆಗೆ ಅಂಥದ್ದೊಂದು ಕೆರೆ ಸಾಲುವುದಿಲ್ಲ. ಫೆಬ್ರವರಿಯಲ್ಲಿ ಹಳ್ಳಕ್ಕೆ ಎಲ್ಲರೂ ಮೋಟರ್ ಇಳಿಸಿದರೆ ಹೇಮಾವತಿಗೆ ಸೇರುವ ತೊರೆಗಳು ಎಷ್ಟು ದಿನ ತಡೆದಾವು? ಮುಂದಿನ ಹತ್ತು ವರ್ಷದಲ್ಲಿ ಮಲೆನಾಡಿನ ಅಕ್ಕಪಕ್ಕದ ತೋಟದವರ ಜಗಳ ಬೇಲಿಗಿಂತ ನೀರಿಗೇ ಜಾಸ್ತಿ ಆಗುತ್ತದೆ ಎನ್ನುವುದು ನನ್ನ ಆತಂಕ.

ಇಂಥ ಹೊತ್ತಲ್ಲಿ ಎತ್ತರದ ಅರೇಬಿಕಾ ತೋಟಗಳನ್ನು ಕಿತ್ತು ರೊಬಸ್ಟಾ ಹಾಕುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅವರ ಕಷ್ಟ ಗೊತ್ತು. ಕಾಂಡ ಕೊರೆಯುವ ಬೋರರ್ ಹುಳದ ಕಾಟಕ್ಕೆ ರೋಸಿಹೋಗಿದ್ದಾರೆ. ರೊಬಸ್ಟಾಗೆ ಆ ಕಾಟ ಇಲ್ಲವೆನ್ನುವಷ್ಟು ಕಡಿಮೆ, ಇಳುವರಿಯೂ ಜಾಸ್ತಿ. ಆದರೆ ರೊಬಸ್ಟಾ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಬರ ಬಂದರೆ ಮೊದಲು ಬಾಡುವುದು ಅದೇ. ಕೆರೆ ಇಲ್ಲದ ಗುಡ್ಡದ ನೆತ್ತಿಗೆ ರೊಬಸ್ಟಾ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಬರ, ಬೋರರ್ ಎರಡನ್ನೂ ತಡೆಯುವ ಹೊಸ ತಳಿ ಬರುತ್ತದೆ ಅಂತ ಕಾಯುವುದೂ ಬೇಡ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಅಲ್ಲಿಂದ 1940ರ ದಶಕದಲ್ಲಿ ಬಂದ ಎಸ್ 795 ಎಂಬ ಅರೇಬಿಕಾ ತಳಿ ಇವತ್ತಿಗೂ ನಮ್ಮ ತೋಟಗಳಲ್ಲಿದೆ. ಕಾಫಿ ತಳಿ ತಯಾರಾಗುವುದು ಅಷ್ಟು ನಿಧಾನ.

ಅರೇಬಿಕಾ ಉಳಿಸಬೇಕಾದರೆ ನೆರಳು ಉಳಿಸಿ. ಬೋರರ್ ದುಂಬಿ ಹಾರುವುದು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಿಸಿಲು ಬಿದ್ದು ಬೆಚ್ಚಗಾದ ಕಾಂಡವನ್ನೇ ಹುಡುಕಿ, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹಳದಿಯಾದ ಗಿಡದ ಕಾಂಡ ಮುಟ್ಟಿ ನೋಡಿದರೆ ಉಬ್ಬಿದ ಗೆರೆಗಳು ಕೈಗೆ ಸಿಗುತ್ತವೆ. ಸೀಳಿದರೆ ಒಳಗೆ ಸುರಂಗ, ಸುರಂಗದ ತುಂಬ ಮರದ ಹುಡಿ ಒತ್ತಿ ತುಂಬಿರುತ್ತದೆ. ಔಷಧಿ ಒಳಗೆ ಹೋಗಲು ದಾರಿಯೇ ಇಲ್ಲ. ಕಿತ್ತು ಸುಡಬೇಕು, ಬೇರೆ ಉಪಾಯವಿಲ್ಲ. ಹಳೇ ಅತ್ತಿ, ಬಸರಿ, ಗೋಣಿ ಮರಗಳನ್ನು ತೆಗೆಸಿ ಬರೀ ಸಿಲ್ವರ್ ಓಕ್ ಮರ ಇಟ್ಟ ತೋಟಗಳಲ್ಲಿ ಬಿಸಿಲು ಕಾಂಡಕ್ಕೇ ಹೊಡೆಯುತ್ತದೆ. ಸಿಲ್ವರ್ ಮೆಣಸಿಗೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಅಗಲ ಕೊಂಬೆಯ ಮರ ಬೆಳೆಯಲು ಇಪ್ಪತ್ತು ವರ್ಷ ಬೇಕು. ಕಡಿದ ಮೇಲೆ 2035ಕ್ಕೆ ಅದು ವಾಪಸ್ ಸಿಗುವುದಿಲ್ಲ.

ಕೂಲಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮೂರಿನ ಹುಡುಗರು ಬೆಂಗಳೂರಿಗೆ ಹೋಗಿ ಆಯಿತು, ಈಗ ಅಸ್ಸಾಂನಿಂದ ಬಂದವರು ಕೊಯ್ಯುತ್ತಿದ್ದಾರೆ. ಅವರ ಊರಲ್ಲೇ ಕೆಲಸ ಸಿಕ್ಕರೆ ಅವರೂ ಬರುವುದಿಲ್ಲ. ಇಳಿಜಾರಿನಲ್ಲಿ ದೊಡ್ಡ ಮಷಿನ್ ನಡೆಯುವುದಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಮಷಿನ್‌ಗಳಿಗೆ ಹೊಂದುವಂತೆ ಗಿಡದ ಎತ್ತರ, ಸಾಲಿನ ಅಂತರ ಇಡುವುದನ್ನು ಹೊಸ ನೆಡುತೋಪಿನಿಂದಲೇ ಶುರು ಮಾಡಬೇಕು.

ಕೊನೆಗೆ ಕಾಗದಪತ್ರ. ನಮ್ಮ ಕಾಫಿಯ ದೊಡ್ಡ ಗಿರಾಕಿ ಯುರೋಪ್. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಅಂತ ಅವರು 2023ರಲ್ಲೇ ಕಾನೂನು ಮಾಡಿದ್ದಾರೆ. ಜಾರಿಯ ದಿನ ಮುಂದೆ ಹೋಗಿದೆ, ಆದರೆ ಈ ಬೇಡಿಕೆ ಹಿಂದೆ ಸರಿಯುತ್ತದೆ ಅಂತ ನನಗನ್ನಿಸುವುದಿಲ್ಲ. ಕಾಫಿ ಬೆಳೆದ ಜಾಗದ ಜಿಪಿಎಸ್ ಗುರುತು ಕೊಡಬೇಕು, ನಾಲ್ಕು ಹೆಕ್ಟೇರ್ ಮೀರಿದರೆ ಗಡಿಯ ಪೂರ್ತಿ ನಕ್ಷೆ. ನಮ್ಮಲ್ಲಿ ಎಷ್ಟೋ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಅಣ್ಣತಮ್ಮಂದಿರಿಗೆ ಬಾಯಿಮಾತಲ್ಲಿ ಪಾಲಾಗಿದೆ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ), ಪೋಡಿ (ಪಾಲಾದ ಜಾಗ ಅಳೆದು ಬೇರೆ ಮಾಡುವುದು) ಕೆಲಸ ಈ ವರ್ಷವೇ ಶುರು ಮಾಡಿ. ಇನ್ನೊಂದು ವಿಷಯ: ನೆರಳಿನ ತೋಟ ಮೇಲಿನಿಂದ ನೋಡಿದರೆ ಕಾಡಿನ ಹಾಗೇ ಕಾಣುತ್ತದೆ. ಜೋರಾಗಿ ಮರಕಸಿ, ಅಂದರೆ ನೆರಳು ಮರದ ಕೊಂಬೆ ಸವರುವ ಕೆಲಸ, ಮಾಡಿಸಿದರೆ ಉಪಗ್ರಹದ ಚಿತ್ರದಲ್ಲಿ ಕಾಡು ಕಡಿದಂತೆ ಕಾಣಬಹುದು. ಹಾಗಾಗಿ ಈ ಸಲ ಮರಕಸಿಗೆ ಆಳು ಹತ್ತಿಸುವ ಮುಂಚೆ ತೋಟದ ಪ್ರತಿ ಪಟ್ಟೆಯ (ಭಾಗದ) ಫೋಟೋ ತಾರೀಖು ಸಮೇತ ತೆಗೆಯಿರಿ, ಮುಗಿದ ಮೇಲೆ ಇನ್ನೊಂದು ಸಲ ತೆಗೆಯಿರಿ, ಎರಡನ್ನೂ ಪಹಣಿ ಜೊತೆ ಒಂದೇ ಫೈಲಿನಲ್ಲಿಡಿ.