ಚಳಿಗೆ ಗ್ರಿಡ್ ಕೈಕೊಟ್ಟರೆ ದುಡ್ಡು ಕಟ್ಟುವವರು ಯಾರು?

ಓದುಗರ ಪ್ರಶ್ನೆ: 2021ರ ಫೆಬ್ರವರಿಯಲ್ಲಿ ಚಳಿಗೆ ಟೆಕ್ಸಾಸ್‌ನಲ್ಲಿ ಕರೆಂಟೇ ಹೋಯಿತು. ಅದಕ್ಕಿಂತ ಎಷ್ಟೋ ಜಾಸ್ತಿ ಚಳಿ ಇರುವ ಮಿನ್ನೆಸೋಟದಲ್ಲಿ ಹಾಗೆ ಆಗುವುದಿಲ್ಲ. ಗ್ರಿಡ್ಡನ್ನು ಮೊದಲೇ ಚಳಿಗೆ ಸಿದ್ಧ ಮಾಡಬಹುದಿತ್ತು ಅಲ್ವಾ? ಮಾಡಿದರೆ ಆ ಖರ್ಚು ನಮ್ಮ ಬಿಲ್ಲಿಗೆ ಬರುತ್ತದಾ?

ಬರುತ್ತದೆ. ಆದರೆ ಸಿದ್ಧ ಮಾಡದೆ ಬಿಟ್ಟರೂ ಬರುತ್ತದೆ, ಇನ್ನೂ ದೊಡ್ಡದಾಗಿ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ನ ಎಷ್ಟೋ ಕನ್ನಡ ಮನೆಗಳಲ್ಲಿ ಆ ವಾರದ ನೆನಪು ಇನ್ನೂ ಹಸಿಯಾಗಿದೆ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅಮೆರಿಕದ ಗ್ರಿಡ್ 60 ಹರ್ಟ್ಸ್‌ನಲ್ಲಿ ನಡೆಯುತ್ತದೆ, ಅಂದರೆ ಕರೆಂಟ್ ಸೆಕೆಂಡಿಗೆ 60 ಸಲ ಒಂದೇ ಲಯದಲ್ಲಿ ಹಿಂದೆ ಮುಂದೆ ಆಡುತ್ತದೆ. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಕಡಿಮೆಯಾದರೆ, ಏರಿನಲ್ಲಿ ಭಾರ ಎಳೆಯುವ ಗಾಡಿ ನಿಧಾನವಾಗುವ ಹಾಗೆ ಈ ಸಂಖ್ಯೆ ಇಳಿಯುತ್ತದೆ. ಫೆಬ್ರವರಿ 15ರ ನಸುಕಿನಲ್ಲಿ ಟೆಕ್ಸಾಸ್‌ನ ಗ್ರಿಡ್‌ನಲ್ಲಿ ಅದು 59.3ಕ್ಕೆ ಇಳಿಯಿತು. 59.4ಕ್ಕಿಂತ ಕೆಳಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಉಳಿಯಿತು. ಒಂಬತ್ತು ನಿಮಿಷ ಉಳಿದಿದ್ದರೆ ವಿದ್ಯುತ್ ಘಟಕಗಳು ತಾವಾಗಿಯೇ ನಿಲ್ಲಲು ಶುರುವಾಗಿ ಇಡೀ ಗ್ರಿಡ್ ಕುಸಿಯುವ ಅಪಾಯವಿತ್ತು. ಅದನ್ನು ತಪ್ಪಿಸಲು ಗ್ರಿಡ್ ನಡೆಸುವ ಎರ್ಕಾಟ್ ಸಂಸ್ಥೆ 20,000 ಮೆಗಾವಾಟ್‌ವರೆಗೆ ಲೋಡ್ ಶೆಡ್ಡಿಂಗ್ ಮಾಡಿಸಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಲೋಡ್ ಶೆಡ್ಡಿಂಗ್ ನಮಗೆ ಹೊಸದಲ್ಲ. ಎರಡು ಗಂಟೆ ಹೋಗುತ್ತದೆ, ಬರುತ್ತದೆ. ಅಲ್ಲಿ ಮನೆ ಬೆಚ್ಚಗಾಗುವುದೇ ಹೆಚ್ಚಾಗಿ ಕರೆಂಟಿನಿಂದ. ಹೋದ ಕರೆಂಟ್ ಎಷ್ಟೋ ಕಡೆ ಎರಡು, ಮೂರು ದಿನ ಬರಲೇ ಇಲ್ಲ. ರಾಜ್ಯದ ಲೆಕ್ಕದಲ್ಲೇ 246 ಜನ ಸತ್ತರು. ಕೆಲವರು ಚಳಿಗೆ ಸತ್ತರೆ, ಕೆಲವರು ಬೆಚ್ಚಗಿರಲು ಹೋಗಿ ಕಾರ್ಬನ್ ಮೊನಾಕ್ಸೈಡ್ ಹೊಗೆಗೆ ಸತ್ತರು.

ಇಷ್ಟಕ್ಕೆಲ್ಲ ಕಾರಣ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಬೆರಳು ದಪ್ಪದ ಕೊಳವೆಗಳು. ಚಳಿ ದೇಶಗಳಲ್ಲಿ ಬಾಯ್ಲರ್, ಪೈಪು ಎಲ್ಲ ಕಟ್ಟಡದ ಒಳಗಿರುತ್ತವೆ. ಟೆಕ್ಸಾಸ್‌ನಲ್ಲಿ ಬೇಸಿಗೆಯ ಬಿಸಿ ಹೊರಗೆ ಹೋಗಲಿ ಅಂತ ಬಯಲಲ್ಲೇ ಬಿಡುತ್ತಾರೆ. ಒತ್ತಡ ಅಳೆಯುವ ಸಣ್ಣ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದರೆ ಮಾಪಕ ತಪ್ಪು ಲೆಕ್ಕ ಕೊಡುತ್ತದೆ, ಘಟಕ ನಿಂತುಬಿಡುತ್ತದೆ. ಒಂದು ಅಣು ವಿದ್ಯುತ್ ಘಟಕವೂ ಹೀಗೇ ನಿಂತಿತು. ಇದಕ್ಕೆ ಮದ್ದು ದೊಡ್ಡದೇನಲ್ಲ: ಕೊಳವೆಗೆ ಹೊದಿಕೆ, ಬಿಸಿ ಮಾಡುವ ತಂತಿ, ಗಾಳಿಗೆ ಒಂದು ತಡೆ.

ಗ್ಯಾಸಿನ ಕಥೆ ಇನ್ನೂ ಬೇಸರ ತರುತ್ತದೆ. ಬಾವಿಯಿಂದ ಗ್ಯಾಸಿನ ಜೊತೆ ನೀರೂ ಬರುತ್ತದೆ, ಅದು ಬಾವಿಯ ಬಾಯಲ್ಲೇ ಹೆಪ್ಪುಗಟ್ಟಿತು. ಗ್ಯಾಸ್ ತಳ್ಳುವ ಕಂಪ್ರೆಸರ್‌ಗಳಲ್ಲಿ ಎಷ್ಟೋ 'ಕರೆಂಟ್ ತೆಗೆಯಬಾರದ ಜಾಗ'ಗಳ ಪಟ್ಟಿಯಲ್ಲೇ ಇರಲಿಲ್ಲ. ಲೋಡ್ ಶೆಡ್ಡಿಂಗ್‌ನಲ್ಲಿ ಅವೂ ನಿಂತವು. ಗ್ಯಾಸ್ ಇಲ್ಲದೆ ಇನ್ನಷ್ಟು ವಿದ್ಯುತ್ ಘಟಕಗಳು ನಿಂತವು. ಕೂತ ಕೊಂಬೆಯನ್ನೇ ಕಡಿದ ಹಾಗಾಯಿತು. ಗಾಳಿಯಂತ್ರಗಳೂ ಹೆಪ್ಪುಗಟ್ಟಿದ್ದು ನಿಜ. ಆದರೆ ಕೈಕೊಟ್ಟ ಘಟಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗ್ಯಾಸಿನವು ಎಂದು ಅಮೆರಿಕದ ಕೇಂದ್ರ ಸರ್ಕಾರದ ತನಿಖೆ ಹೇಳಿತು.

2011ರ ಫೆಬ್ರವರಿಯಲ್ಲೂ ಟೆಕ್ಸಾಸ್‌ನಲ್ಲಿ ಹೀಗೇ ಕರೆಂಟ್ ಹೋಗಿತ್ತು. ಏನು ಮಾಡಬೇಕೆಂದು ಆಗಲೇ ವರದಿ ಬಂದಿತ್ತು. ಆದರೆ ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ರಾಜ್ಯದ ಪಶ್ಚಿಮ ತುದಿಯ ಎಲ್ ಪಾಸೊ ನಗರ ಎರ್ಕಾಟ್‌ಗೆ ಸೇರಿಲ್ಲ. ಅಲ್ಲಿಯವರು 2011ರಲ್ಲಿ ಪೆಟ್ಟು ತಿಂದು ಘಟಕಗಳನ್ನು ಚಳಿಗೆ ಸಿದ್ಧ ಮಾಡಿದರು. 2021ರಲ್ಲಿ ಅಲ್ಲಿ ಹೆಚ್ಚಿನ ಮನೆಗಳ ದೀಪ ಆರಲೇ ಇಲ್ಲ. ಪಕ್ಕದ ರಾಜ್ಯಗಳ ಗ್ರಿಡ್ ಜೊತೆ ಸೇರಿದ್ದೂ ಅವರಿಗೆ ನೆರವಾಯಿತು. ಎರ್ಕಾಟ್ ಬಹುಮಟ್ಟಿಗೆ ಒಂಟಿ, ಹೊರಗಿನಿಂದ ತರಲು ಆಗುವುದು ಸುಮಾರು 1,200 ಮೆಗಾವಾಟ್ ಅಷ್ಟೆ. ನಮ್ಮ ದಕ್ಷಿಣದ ಗ್ರಿಡ್ ಕೂಡ ದೇಶದ ಉಳಿದ ಗ್ರಿಡ್ ಜೊತೆ ಒಂದೇ ಲಯಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ.

ಈಗ ದುಡ್ಡಿನ ಮಾತು. ಆ ವಾರ ಸಗಟು ಕರೆಂಟಿನ ದರ ಯೂನಿಟ್‌ಗೆ 9 ಡಾಲರ್ ಮುಟ್ಟಿ ನಾಲ್ಕು ದಿನದಷ್ಟು ಅಲ್ಲೇ ನಿಂತಿತು. ಅಂದರೆ ಒಂದು ಯೂನಿಟ್‌ಗೆ ಸುಮಾರು 650 ರೂಪಾಯಿ! ಸಗಟು ದರದ ಪ್ಲಾನ್ ತೆಗೆದುಕೊಂಡವರಿಗೆ ಸಾವಿರಾರು ಡಾಲರ್ ಬಿಲ್ ಬಂತು. ನಿಗದಿತ ದರದವರು ತಪ್ಪಿಸಿಕೊಂಡೆವು ಅಂದುಕೊಂಡರು. ಆದರೆ ಗ್ಯಾಸ್ ಕಂಪನಿಗಳು ಆ ದಿನಗಳಲ್ಲಿ ದುಬಾರಿಗೆ ಕೊಂಡ ಗ್ಯಾಸಿನ ಸಾಲ ತೀರಿಸಲು 2023ರಲ್ಲಿ ಸುಮಾರು 350 ಕೋಟಿ ಡಾಲರ್ ಬಾಂಡ್ ಹೊರಡಿಸಿದರು. ಅದನ್ನು ಗ್ಯಾಸ್ ಗ್ರಾಹಕರು ವರ್ಷಗಟ್ಟಲೆ ಬಿಲ್ಲಿನಲ್ಲಿ ಕಂತಾಗಿ ತೀರಿಸಬೇಕು.

ಇದರ ಪಕ್ಕಕ್ಕೆ ಸಿದ್ಧತೆಯ ಖರ್ಚನ್ನು ಇಟ್ಟು ನೋಡಿ. ಗ್ಯಾಸ್ ಬಾವಿಗಳನ್ನು ಚಳಿಗೆ ಸಿದ್ಧ ಮಾಡಲು ವರ್ಷಕ್ಕೆ 8.5ರಿಂದ 20 ಕೋಟಿ ಡಾಲರ್ ಬೇಕು ಎಂದು ಡಲ್ಲಾಸ್‌ನ ಫೆಡರಲ್ ರಿಸರ್ವ್ ಬ್ಯಾಂಕ್ ಅಂದಾಜು ಮಾಡಿತು. ಟೆಕ್ಸಾಸ್‌ನಲ್ಲಿ ಆಗ ಸುಮಾರು 2.9 ಕೋಟಿ ಜನ. ತಲೆಗೆ ವರ್ಷಕ್ಕೆ ಹೆಚ್ಚೆಂದರೆ 7 ಡಾಲರ್. ವಿದ್ಯುತ್ ಘಟಕಗಳ ಖರ್ಚು ಬೇರೆ, ಅದನ್ನು ಸೇರಿಸಬೇಕು. ಆ ಒಂದು ಹಿಮಗಾಳಿಯ ನಷ್ಟ? 8,000ದಿಂದ 13,000 ಕೋಟಿ ಡಾಲರ್. ತಲೆಗೆ 2,700 ಡಾಲರ್‌ಗೂ ಮೇಲೆ.

2021ರಲ್ಲೇ ಕಾನೂನು ಬಂತು. ಸಿದ್ಧತೆ ಕಡ್ಡಾಯವಾಯಿತು, ತಪ್ಪಿದರೆ ದಿನಕ್ಕೆ 10 ಲಕ್ಷ ಡಾಲರ್‌ವರೆಗೆ ದಂಡ. 2024ರ ಜನವರಿಯ ಚಳಿಯಲ್ಲಿ ಬೇಡಿಕೆ 78,000 ಮೆಗಾವಾಟ್ ದಾಟಿದರೂ ಎರ್ಕಾಟ್ ಲೋಡ್ ಶೆಡ್ಡಿಂಗ್ ಮಾಡಬೇಕಾಗಿ ಬರಲಿಲ್ಲ. ಆದರೂ ಗ್ಯಾಸ್ ಬಾವಿಗಳ ಮೇಲಿನ ಬಿಗಿ ವಿದ್ಯುತ್ ಘಟಕಗಳ ಮೇಲಿನಷ್ಟಿಲ್ಲ. ನನಗೆ ಇನ್ನೂ ಚಿಂತೆ ಇರುವುದು ಅಲ್ಲೇ.

ನಿಮ್ಮವರು ಅಲ್ಲಿದ್ದರೆ ಒಂದು ಮಾತು ಹೇಳಿ. ಮನೆಯಲ್ಲಿ ಉಸಿರಾಟದ ಯಂತ್ರದಂಥದ್ದು ಬಳಸುವವರಿದ್ದರೆ ವೈದ್ಯರ ಸಹಿ ಹಾಕಿಸಿ ಕರೆಂಟ್ ಕಂಪನಿಯಲ್ಲಿ ಹೆಸರು ನೋಂದಾಯಿಸಲಿ. ನೋಂದಾಯಿಸಿದರೂ ಕರೆಂಟ್ ಹೋಗುವುದೇ ಇಲ್ಲ ಎಂಬ ಖಾತರಿ ಇಲ್ಲ. ಹಾಗಾಗಿ ಬ್ಯಾಟರಿಯೊಂದನ್ನು ಚಳಿಗಾಲಕ್ಕೆ ಮೊದಲೇ ಚಾರ್ಜ್ ಮಾಡಿ ಇಟ್ಟುಕೊಳ್ಳಲಿ. ಜನರೇಟರ್ ಇದ್ದರೆ ಗ್ಯಾರೇಜಿನಲ್ಲಿ ಹಚ್ಚುವುದು ಬೇಡವೇ ಬೇಡ, ಹೊರಗೆ, ಕಿಟಕಿಯಿಂದ ದೂರ ಇಡಲಿ.