ಪದ ಪರಿಚಯ: ಅಭ್ಯಾಸ ಕಂದಕ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೊಸ ಸೈನಿಕರನ್ನು ಫ್ರಾನ್ಸ್ ಮತ್ತು ಬೆಲ್ಜಿಯಂಗೆ ಕಳುಹಿಸುವ ಮುನ್ನ, ಕಂದಕವನ್ನು ತೋಡುವುದನ್ನೂ ಅದರೊಳಗಿದ್ದು ಕಾದಾಡುವುದನ್ನೂ ಕಲಿಸಲೆಂದು ತಾಯ್ನಾಡಿನ ನೆಲದಲ್ಲೇ ಅವರಿಂದ ಅಗೆಸಿದ ಕಂದಕಗಳಿಗೆ ‘ಅಭ್ಯಾಸ ಕಂದಕ’ ಅಥವಾ ‘ತರಬೇತಿ ಕಂದಕ’ ಎನ್ನಬಹುದು. ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಕಾಲುದಾರಿ ಹಿಡಿದು ನಡೆಯುವವರು ಇಂದಿಗೂ ಇವುಗಳ ಅಂಚಿನಲ್ಲಿ ಹಾದುಹೋಗುತ್ತಾರೆ. ಅವರಲ್ಲಿ ಹಲವರಿಗೆ ಅದು ಜರೀಗಿಡ ಬೆಳೆದ ಒಂದು ತಗ್ಗು ಮಾತ್ರ.

ಕನ್ನಡದಲ್ಲಿ ‘ಕಂದಕ’ ಎಂದೊಡನೆ ಕೋಟೆಯ ಸುತ್ತಲಿನ ಅಗಳು ನೆನಪಿಗೆ ಬರುವುದು ಸಹಜ. ಆದರೆ ಇವೆರಡರ ಕೆಲಸ ಬೇರೆ. ಕೋಟೆಯ ಕಂದಕ ಹಗೆಯನ್ನು ಹೊರಗೇ ತಡೆದು ನಿಲ್ಲಿಸುತ್ತದೆ. ಯುದ್ಧಭೂಮಿಯ ಕಂದಕ ತನ್ನವರನ್ನು ಒಳಗಿರಿಸಿಕೊಂಡು ಗುಂಡಿನಿಂದ ಕಾಯುತ್ತದೆ. ಅಭ್ಯಾಸ ಕಂದಕ ಈ ಎರಡನೆಯ ಬಗೆಗೆ ಸೇರಿದ್ದು. ಅದನ್ನು ಅಣಕು ಕಂದಕವೆಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಅಳತೆಯಲ್ಲಿ, ಆಕಾರದಲ್ಲಿ, ಅಗೆದವರ ದಣಿವಿನಲ್ಲಿ ಅದು ನಿಜವಾದ ಕಂದಕವೇ ಆಗಿತ್ತು. ಎದುರಿಗೆ ಶತ್ರು ಮಾತ್ರ ಇರಲಿಲ್ಲ.

1914ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಯುದ್ಧ ಸಚಿವ ಕಿಚನರ್ ನೀಡಿದ ಕರೆಗೆ ಓಗೊಟ್ಟು ಲಕ್ಷಾಂತರ ಸ್ವಯಂಸೇವಕರು ಸೇನೆಗೆ ಸೇರಿದಾಗ ಅವರೆಲ್ಲರಿಗೂ ಕೊಡುವಷ್ಟು ಬಂದೂಕುಗಳಿರಲಿಲ್ಲ. ಎಷ್ಟೋ ತುಕಡಿಗಳು ಮರದ ಬಂದೂಕು ಹಿಡಿದು ಕವಾಯತು ಮಾಡಿದವು. ಅದೇ ವರ್ಷದ ಕೊನೆಯ ಹೊತ್ತಿಗೆ ಪಶ್ಚಿಮ ರಣರಂಗದಲ್ಲಿ ಎರಡೂ ಕಡೆಯವರು ನೆಲದೊಳಗೆ ಇಳಿದು ಕುಳಿತಿದ್ದರು. ಹೀಗಾಗಿ ಹಾರೆ, ಗುದ್ದಲಿ, ಸಲಿಕೆಗಳ ಕೆಲಸವೇ ಸೈನಿಕನ ಮುಖ್ಯ ಪಾಠಗಳಲ್ಲಿ ಒಂದಾಯಿತು.

ಅಭ್ಯಾಸ ಕಂದಕವನ್ನು ಗುರುತಿಸುವ ಬಗೆ ಅದರ ಆಕಾರದಲ್ಲಿದೆ. ಮುಂಚೂಣಿಯ ಕಂದಕ ನೇರವಾಗಿ ಸಾಗುವುದಿಲ್ಲ. ಕೋಟೆಗೋಡೆಯ ತೆನೆಗಳನ್ನು ನೆಲದ ಮೇಲೆ ಮಲಗಿಸಿದಂತೆ ಕೆಲವು ಮೀಟರಿಗೊಮ್ಮೆ ಮುಂದಕ್ಕೂ ಹಿಂದಕ್ಕೂ ತಿರುಗುತ್ತದೆ. ಸೈನಿಕರು ನಿಂತು ಗುಂಡು ಹಾರಿಸುವ ಪ್ರತಿಯೊಂದು ಅಂಕಣಕ್ಕೆ ‘ಫೈರ್ ಬೇ’ ಎಂದೂ, ಎರಡು ಅಂಕಣಗಳ ನಡುವೆ ಅಗೆಯದೆ ಉಳಿಸಿದ ದಪ್ಪ ಮಣ್ಣಿನ ಗೋಡೆಗೆ ‘ಟ್ರಾವರ್ಸ್’ ಎಂದೂ ಹೆಸರು. ಶತ್ರುವಿನ ಸಿಡಿಗುಂಡು ಒಂದು ಅಂಕಣದೊಳಗೆ ಬಿದ್ದು ಸ್ಫೋಟಿಸಿದರೆ ಅದರ ಹೊಡೆತವನ್ನು ಈ ಗೋಡೆ ತಡೆಯುತ್ತಿತ್ತು. ಶತ್ರುವೇ ಕಂದಕದೊಳಗೆ ನುಗ್ಗಿದರೂ ಒಂದೇ ಕಡೆ ನಿಂತು ಉದ್ದಕ್ಕೂ ಗುಂಡು ಹಾರಿಸಿ ಎಲ್ಲರನ್ನೂ ಕೆಡವಲು ಅವನಿಗೆ ಆಗುತ್ತಿರಲಿಲ್ಲ. ಅಗೆದ ಮಣ್ಣನ್ನು ಮುಂದೆ ಒಟ್ಟಿದರೆ ಅದು ‘ಪ್ಯಾರಪೆಟ್’. ನಮ್ಮ ತಾರಸಿಯ ಅಂಚಿನ ಗಿಡ್ಡ ಗೋಡೆಗೂ ಇದೇ ಹೆಸರು. ಹಿಂಬದಿಯ ದಿಬ್ಬ ‘ಪ್ಯಾರಡೋಸ್’. ಆಳು ಮುಳುಗುವಷ್ಟು ಆಳದ ಕಂದಕದಿಂದ ಹೊರಗೆ ನೋಡಲು ಮುಂಗೋಡೆಗೆ ತಾಗಿದಂತೆ ಬಿಟ್ಟಿರುತ್ತಿದ್ದ ಮೆಟ್ಟಿಲು ‘ಫೈರ್ ಸ್ಟೆಪ್’. ಹಿಂದಿನ ಸಾಲುಗಳಿಂದ ಊಟ, ಮದ್ದುಗುಂಡು ಮತ್ತು ಜನರು ಬರುತ್ತಿದ್ದ ಸಂಪರ್ಕ ಕಂದಕಗಳು ಹಾವಿನಂತೆ ಬಳುಕುತ್ತಾ ಸಾಗುತ್ತವೆ.

ಲಂಡನ್ನಿನ ವಾಯವ್ಯಕ್ಕಿರುವ ಬರ್ಕಮ್‌ಸ್ಟೆಡ್ ಕಾಮನ್ ಎಂಬ ಬಯಲು-ಕಾಡಿನ ಪ್ರದೇಶ ಇದನ್ನು ನಡೆದು ನೋಡಲು ತಕ್ಕ ಸ್ಥಳ. ವಕೀಲರ ಸಂಘಗಳಿಂದ ಹುಟ್ಟಿದ ‘ಇನ್ಸ್ ಆಫ್ ಕೋರ್ಟ್’ ಅಧಿಕಾರಿ ತರಬೇತಿ ದಳ 1914ರ ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಬಂತು. ಯುದ್ಧ ಮುಗಿಯುವಷ್ಟರಲ್ಲಿ ಈ ದಳದಲ್ಲಿ 12,000ಕ್ಕೂ ಹೆಚ್ಚು ಮಂದಿ ತರಬೇತಿ ಪಡೆದಿದ್ದರು. ಅವರು ಇಲ್ಲಿ ತೋಡಿದ್ದು ಸುಮಾರು 13 ಕಿಲೋಮೀಟರ್ ಕಂದಕ. ಇಂದು ಕಾಣಸಿಗುವುದು ಅರ್ಧ ಕಿಲೋಮೀಟರಿನಷ್ಟು. ಅಂಚುಗಳು ಕುಸಿದು, ಎಲೆ ಉದುರಿ ಕೊಳೆತು, ಆಳುದ್ದದ ಕಂದಕ ಈಗ ಆಳವಿಲ್ಲದ ಹಳ್ಳದಂತಾಗಿದೆ. ಆದರೂ ತಿರುವುಗಳು ಅಳಿದಿಲ್ಲ. ಇದೇ ಕಾಮನ್‌ನಲ್ಲಿ ‘ಗ್ರಿಮ್ಸ್ ಡಿಚ್’ ಎಂಬ, ಕಬ್ಬಿಣಯುಗದ್ದೆಂದು ಹೇಳಲಾಗುವ ಮಣ್ಣಿನ ಏರಿಯೂ ಇದೆ. ಅದು ದೂರದವರೆಗೆ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಹತ್ತಾರು ಹೆಜ್ಜೆಗೊಮ್ಮೆ ಮೂಲೆ ತಿರುಗಿಸುವುದು ಸೈನಿಕರ ಕಂದಕ ಮಾತ್ರ.

ದಕ್ಷಿಣ ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನ ಲಾರ್ಕ್‌ಹಿಲ್‌ನಲ್ಲಿ, ಸೇನಾ ಕುಟುಂಬಗಳಿಗೆ ಮನೆ ಕಟ್ಟುವ ಮುನ್ನ ನಡೆದ ಉತ್ಖನನ ಈ ಪದಕ್ಕೆ ಇನ್ನಷ್ಟು ಅರ್ಥ ತುಂಬಿತು. ಸುಣ್ಣಕಲ್ಲಿನ ನೆಲದಲ್ಲಿ ಕಂದಕಗಳ ಜೊತೆಗೆ ಸುರಂಗಗಳೂ ಸಿಕ್ಕವು. 200ಕ್ಕೂ ಹೆಚ್ಚು ಕೈಬಾಂಬುಗಳು ಹೊರಬಂದವು, ಅವುಗಳಲ್ಲಿ ಹಲವು ಇನ್ನೂ ಸಿಡಿಯುವ ಸ್ಥಿತಿಯಲ್ಲಿದ್ದವು. ಬಿಳಿ ಕಲ್ಲಿನ ಮೇಲೆ ಸೈನಿಕರು ತಮ್ಮ ಹೆಸರುಗಳನ್ನು ಗೀರಿದ್ದರು. ಅವುಗಳಲ್ಲೊಂದು ಆಸ್ಟ್ರೇಲಿಯಾದ ಸೇನೆಯ ಲಾರೆನ್ಸ್ ವೆದರ್ಸ್‌ದು. 1918ರ ಸೆಪ್ಟೆಂಬರ್ 2ರಂದು ಫ್ರಾನ್ಸ್‌ನ ಪೆರೋನ್ ಬಳಿ ಅವರು ಕೈಬಾಂಬುಗಳೊಡನೆ ಜರ್ಮನ್ ಕಂದಕವೊಂದರ ಮೇಲೆ ಎರಗಿ ತೋರಿದ ಶೌರ್ಯಕ್ಕೆ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಆದರೆ ಅದೇ ತಿಂಗಳ ಕೊನೆಯಲ್ಲಿ ಅವರು ಗಾಯಗೊಂಡು ತೀರಿಕೊಂಡರು. ಆ ಹೆಸರನ್ನು ಗೀರಿದ ಕೈ ಮುಂದೆ ಏನು ಮಾಡಲಿತ್ತು ಎಂಬುದನ್ನು ತಿಳಿದ ಮೇಲೆ, ಅಭ್ಯಾಸ ಕಂದಕವನ್ನು ಯುದ್ಧದಿಂದ ಬೇರೆಯಾಗಿ ಕಾಣಲು ನನ್ನಿಂದ ಆಗುವುದಿಲ್ಲ.

ಇಂಗ್ಲೆಂಡಿನ ಕ್ಯಾನಕ್ ಚೇಸ್‌ನಲ್ಲಿ ನ್ಯೂಜಿಲೆಂಡ್ ಪಡೆ ನಿರ್ಮಿಸಿದ, ಬೆಲ್ಜಿಯಂನ ಮೆಸೀನ್ ಊರಿನ ಪ್ರತಿಕೃತಿ ಈ ಗುಂಪಿಗೆ ಸೇರುವುದಿಲ್ಲ. ಅದು ರಣಭೂಮಿಯನ್ನು ಕುಗ್ಗಿಸಿ ತೋರಿಸುವ ಮಾದರಿ. ಅಭ್ಯಾಸ ಕಂದಕವಾದರೋ ಆಳು ಇಳಿದು ನಿಲ್ಲುವ ಪೂರ್ಣ ಅಳತೆಯದು.

ನೋಡಲು ಹೋಗುವವರು ಚಳಿಗಾಲವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಜರೀಗಿಡಗಳು ಒಣಗಿ ನೆಲಕ್ಕೊರಗಿರುತ್ತವೆ, ಇಳಿಬಿಸಿಲಿಗೆ ತಗ್ಗಿನ ನೆರಳು ಉದ್ದವಾಗಿ ಬೀಳುತ್ತದೆ. ದಿಬ್ಬಗಳ ಮೇಲೆ ಹತ್ತದೆ ಪಕ್ಕದಲ್ಲಿ ನಡೆಯಬೇಕು, ಏಕೆಂದರೆ ಸಡಿಲ ಮಣ್ಣು ಪ್ರತಿ ಹೆಜ್ಜೆಗೂ ಒಳಕ್ಕೆ ಜಾರುತ್ತದೆ. ಸಂರಕ್ಷಿತ ಸ್ಮಾರಕವೆಂದು ದಾಖಲಾದ ಕಡೆ ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದು ಬ್ರಿಟನ್ನಿನ 1979ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಅಪರಾಧ. ತುಕ್ಕು ಹಿಡಿದ ಲೋಹದ ಉಂಡೆಯೇನಾದರೂ ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು.