ಗೊಬ್ಬರ ಹಾಕದೆ ಬಿಟ್ಟ ಪಟ್ಟೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಗ್ರಂಥಾಲಯ ಕಟ್ಟಡ ನೆಲದಡಿಯಲ್ಲಿದೆ. 1969ರಲ್ಲಿ ಅದು ಶುರುವಾಯಿತು. ಪಕ್ಕದಲ್ಲೇ ಮೆಕ್ಕೆಜೋಳದ ಸಣ್ಣದೊಂದು ತಾಕು. ಕಟ್ಟಡ ಎದ್ದರೆ ಬೆಳೆಯ ಮೇಲೆ ನೆರಳು ಬೀಳುತ್ತದೆ ಅಂತ ಇಡೀ ಕಟ್ಟಡವನ್ನೇ ಭೂಮಿಯೊಳಗೆ ಇಳಿಸಿದರು. ಪುಸ್ತಕ ಕೆಳಗೆ, ಮೆಕ್ಕೆಜೋಳ ಮೇಲೆ.

ಆ ತಾಕಿನ ಹೆಸರು ಮಾರೋ ಪ್ಲಾಟ್ಸ್. 1876ರಿಂದ ಅಲ್ಲಿ ಮೆಕ್ಕೆಜೋಳ ಬೆಳೆಯುತ್ತಲೇ ಇದ್ದಾರೆ. ಅಮೆರಿಕದ ಅತಿ ಹಳೆಯ ಬೆಳೆ ಪ್ರಯೋಗ ಅದು. ಒಂದು ತುಣುಕಿಗೆ ಏನೂ ಹಾಕುವುದಿಲ್ಲ. ಇನ್ನೊಂದಕ್ಕೆ ಸಗಣಿ ಗೊಬ್ಬರ, ಮತ್ತೊಂದಕ್ಕೆ ರಾಸಾಯನಿಕ ಗೊಬ್ಬರ. ಆದರೆ ಚೀಲದ ಸಾರಜನಕ ಆ ಮಣ್ಣಿಗೆ ಬಿದ್ದದ್ದು 1955ರಲ್ಲಿ. ಅಂದ್ರೆ ಸುಮಾರು ಎಂಬತ್ತು ವರ್ಷ ಅಲ್ಲಿ ಸಾರಜನಕದ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಸಗಣಿ ಮತ್ತು ಬೆಳೆ ಸರದಿ ಮಾತ್ರ.

ಒಂದು ಎಕರೆ ಮೆಕ್ಕೆಜೋಳಕ್ಕೆ ಎಷ್ಟು ಸಾರಜನಕ ಬೇಕು? ಕೇಳಲು ಸುಲಭ ಅಲ್ವಾ? ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಮೊದಲು ವಿಶ್ವವಿದ್ಯಾಲಯದ ತಾಕಿನಲ್ಲಿತ್ತು. ಆಮೇಲೆ ಒಂದು ಸೂತ್ರಕ್ಕೆ ಹೋಯಿತು. ಕೊನೆಗೆ ರೈತನ ಸ್ವಂತ ಹೊಲಕ್ಕೆ ಬಂತು. ಈ ಪ್ರಯಾಣ ಹೆಚ್ಚಾಗಿ ನಡೆದದ್ದು ಇಲಿನಾಯ್ ಪಕ್ಕದ ಅಯೊವಾ ರಾಜ್ಯದಲ್ಲಿ. ಅಮೆರಿಕದಲ್ಲಿ ಮೆಕ್ಕೆಜೋಳ ಅಂದರೆ ಮೊದಲು ನೆನಪಾಗುವ ರಾಜ್ಯ ಅದು.

ರೈತನ ಹೊಲದಲ್ಲೇ ಹೊಸದನ್ನು ಮಾಡಿ ತೋರಿಸುವ ಯೋಚನೆ ಇದಕ್ಕಿಂತ ಹಳೆಯದು. 1903ರಲ್ಲಿ ಟೆಕ್ಸಾಸ್‌ನ ಟೆರೆಲ್ ಊರಲ್ಲಿ ಸೀಮನ್ ನ್ಯಾಪ್ ಎಂಬ ಕೃಷಿ ಪ್ರಚಾರಕ ವಾಲ್ಟರ್ ಪೋರ್ಟರ್ ಎಂಬ ರೈತನನ್ನು ಒಪ್ಪಿಸಿದ. ಹೇಳಿದ ಹಾಗೆ ಬೇಸಾಯ ಮಾಡಿ ನಷ್ಟವಾದರೆ ತುಂಬಿಕೊಡುತ್ತೇವೆ ಅಂತ ಊರಿನ ವ್ಯಾಪಾರಿಗಳು ದುಡ್ಡು ಕೂಡಿಸಿಟ್ಟಿದ್ದರು. ಆ ದುಡ್ಡು ಖರ್ಚಾಗಲೇ ಇಲ್ಲ. ಪೋರ್ಟರ್‌ಗೆ ಲಾಭವೇ ಬಂತು. ಆದರೆ ಅದು ಪ್ರಾತ್ಯಕ್ಷಿಕೆ, ಪ್ರಯೋಗ ಅಲ್ಲ. ಪ್ರಾತ್ಯಕ್ಷಿಕೆ ಮಾಡುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ತೋರಿಸುವುದಷ್ಟೇ ಬಾಕಿ.

ಸಾರಜನಕ ಅಗ್ಗವಾಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಗಾಳಿಯಿಂದ ಅಮೋನಿಯಾ ತಯಾರಿಸುವ ಹೇಬರ್-ಬಾಶ್ ವಿಧಾನದ ಮೊದಲ ಕಾರ್ಖಾನೆ 1913ರಲ್ಲೇ ಜರ್ಮನಿಯಲ್ಲಿ ಶುರುವಾಗಿತ್ತು. ಯುದ್ಧಕ್ಕೆ ಬೇಕಾದ ಸ್ಫೋಟಕಗಳಿಗಾಗಿ ಅಮೆರಿಕ ಸರ್ಕಾರವೂ ಅಮೋನಿಯಾ ಕಾರ್ಖಾನೆಗಳನ್ನು ಕಟ್ಟಿತು. ಯುದ್ಧ ಮುಗಿಯಿತು, ಕಾರ್ಖಾನೆಗಳು ಉಳಿದವು. ಆ ಅಮೋನಿಯಾ ಹೊಲಕ್ಕೆ ಹರಿಯಿತು. ಅಷ್ಟರಲ್ಲಿ ಹೈಬ್ರಿಡ್ ಬೀಜವೂ ಬಂದಿತ್ತು. 1930ರ ದಶಕದಲ್ಲಿ ಅಮೆರಿಕದ ಸರಾಸರಿ ಇಳುವರಿ ಎಕರೆಗೆ 25 ಬುಶೆಲ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಆರೇಳು ಕ್ವಿಂಟಲ್. 2023ರಲ್ಲಿ ಅದು 177 ಬುಶೆಲ್, ಸುಮಾರು 45 ಕ್ವಿಂಟಲ್. ಈ ಏರಿಕೆಯಲ್ಲಿ ಸಾರಜನಕದ ಪಾಲು ದೊಡ್ಡದು. ಹಾಗಾಗಿ ಎಷ್ಟು ಹಾಕಬೇಕು ಅಂತ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಹಾಕಿದರೆ ಬರುತ್ತಿತ್ತು, ಹಾಕಿದರು.

1973ರಲ್ಲಿ ಜಾರ್ಜ್ ಸ್ಟ್ಯಾನ್‌ಫರ್ಡ್ ಎಂಬ ಮಣ್ಣು ವಿಜ್ಞಾನಿ ಈ ಗೊಂದಲಕ್ಕೆ ಒಂದು ಲೆಕ್ಕ ಕೊಟ್ಟರು. ಚೆನ್ನಾಗಿ ಬೆಳೆದ ಮೆಕ್ಕೆಜೋಳದ ಒಣ ತೂಕದಲ್ಲಿ ಸುಮಾರು ಶೇ 1.2ರಷ್ಟು ಸಾರಜನಕ ಇರುತ್ತದೆ ಅನ್ನುವುದು ಅದರ ಬುಡ. ಅದು ಹೊಲಕ್ಕೆ ಬರುವ ಹೊತ್ತಿಗೆ ಹೀಗಾಯಿತು: ನಿಮ್ಮ ಗುರಿ ಎಷ್ಟು ಬುಶೆಲ್? ಅದನ್ನು 1.2ರಿಂದ ಗುಣಿಸಿ, ಅಷ್ಟು ಪೌಂಡ್ ಹಾಕಿ. ಹಿಂದಿನ ಬೆಳೆ ಸೋಯಾ ಆಗಿದ್ದರೆ ಸ್ವಲ್ಪ ಕಳೆಯಿರಿ. 180 ಬುಶೆಲ್ ಗುರಿಯಿದ್ದರೆ 216 ಪೌಂಡ್. ಬಾಯಿಲೆಕ್ಕದಲ್ಲಿ ಮುಗಿಯುತ್ತಿತ್ತು. ಗೊಬ್ಬರ ಮಾರುವವನಿಗೂ ಸುಲಭ, ಸಲಹೆ ಕೊಡುವವನಿಗೂ ಸುಲಭ.

ತೊಂದರೆ ಇದ್ದದ್ದು ಆ 'ಗುರಿ' ಅನ್ನುವ ಪದದಲ್ಲಿ. ಬಿತ್ತನೆ ಸಮಯದಲ್ಲಿ ಕಡಿಮೆ ಇಳುವರಿಯ ಗುರಿ ಇಟ್ಟುಕೊಳ್ಳುವ ರೈತ ಎಲ್ಲಿದ್ದಾನೆ? ಹತ್ತು ವರ್ಷಕ್ಕೊಮ್ಮೆ ಬರುವ ಬಂಪರ್ ಬೆಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರತಿ ವರ್ಷ ಗೊಬ್ಬರ ಹಾಕಿದರು. ಮಣ್ಣಿನೊಳಗಿನ ಸಾವಯವ ಅಂಶ ತಾನಾಗಿಯೇ ಕೊಡುವ ಸಾರಜನಕಕ್ಕೆ ಈ ಲೆಕ್ಕದಲ್ಲಿ ಸರಿಯಾದ ಜಾಗವೇ ಇರಲಿಲ್ಲ. ಅಯೊವಾದ ಕಪ್ಪು ಮಣ್ಣಲ್ಲಿ, ಸೋಯಾ ನಂತರ ಬಿತ್ತಿದ ಮೆಕ್ಕೆಜೋಳ ಗೊಬ್ಬರವೇ ಇಲ್ಲದೆಯೂ ಅನೇಕ ಕಡೆ ಅರ್ಧಕ್ಕಿಂತ ಹೆಚ್ಚು ಇಳುವರಿ ಕೊಡುತ್ತದೆ.

ಉಳಿದ ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಇಳಿಯುತ್ತದೆ. ಅಯೊವಾದ ಜೌಗು ಹೊಲಗಳ ಅಡಿಯಲ್ಲಿ ನೀರು ಬಸಿಯಲು ಕೊಳವೆ ಹಾಕಿರುತ್ತಾರೆ. ಅವುಗಳಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ, ಕೊನೆಗೆ ಮಿಸಿಸಿಪ್ಪಿಗೆ. ನೈಟ್ರೇಟ್ ಬಗ್ಗೆ ಭಯ ಅಲ್ಲಿ ಹೊಸದಲ್ಲ. 1945ರಲ್ಲಿ ಹಂಟರ್ ಕಾಮ್ಲಿ ಎಂಬ ಅಯೊವಾದ ವೈದ್ಯ, ಹಳ್ಳಿಯ ಬಾವಿ ನೀರು ಕುಡಿದ ಕೂಸುಗಳು ನೀಲಿಗಟ್ಟಿದ್ದನ್ನು ವರದಿ ಮಾಡಿದ್ದರು. ಆಗಿನ್ನೂ ಚೀಲದ ಗೊಬ್ಬರದ ಕಾಲ ಬಂದಿರಲಿಲ್ಲ. 1980ರ ದಶಕದ ಹೊತ್ತಿಗೆ ಅದು ಇಡೀ ರಾಜ್ಯದ ವಿಷಯವಾಯಿತು. 1987ರಲ್ಲಿ ಅಯೊವಾ ಅಂತರ್ಜಲ ರಕ್ಷಣೆಗೆ ಕಾನೂನು ತಂದಿತು, ಗೊಬ್ಬರದ ಮೇಲೆ ಶುಲ್ಕ ಹಾಕಿ ಆ ದುಡ್ಡಲ್ಲಿ ಸಂಶೋಧನೆಗೂ ದಾರಿ ಮಾಡಿತು.

ಅದೇ ದಶಕದಲ್ಲಿ ಅಲ್ಲಿನ ರೈತರು ಸಾಲದಲ್ಲಿ ಮುಳುಗಿದ್ದರು. ಜಮೀನಿನ ಬೆಲೆ ಕುಸಿದಿತ್ತು, ಬ್ಯಾಂಕುಗಳು ಹೊಲ ಹರಾಜು ಹಾಕುತ್ತಿದ್ದವು. ಖರ್ಚು ಎಲ್ಲಿ ಕಡಿಮೆ ಮಾಡಬಹುದು ಅಂತ ಹುಡುಕುವ ಕಾಲ. 1985ರಲ್ಲಿ ಬೂನ್ ಎಂಬ ಊರಿನ ಬಳಿಯ ರೈತ ಡಿಕ್ ಥಾಂಪ್ಸನ್ ಮತ್ತು ಗೆಳೆಯರು ಸೇರಿ 'ಪ್ರ್ಯಾಕ್ಟಿಕಲ್ ಫಾರ್ಮರ್ಸ್ ಆಫ್ ಅಯೊವಾ' ಎಂಬ ಸಂಘ ಕಟ್ಟಿದರು. ನನಗೆ ಈ ಕತೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಇವರು ಗೊಬ್ಬರವೇ ಬೇಡ ಅಂದವರಲ್ಲ. ವಿಜ್ಞಾನಿಗಳು ಸುಳ್ಳು ಅಂದವರೂ ಅಲ್ಲ. 'ನಮ್ಮ ಹೊಲದಲ್ಲಿ ಏನಾಗುತ್ತೆ, ನಾವೇ ನೋಡ್ತೀವಿ' ಅಂದವರು. ನೋಡುವ ಕ್ರಮವನ್ನು ಮಾತ್ರ ವಿಶ್ವವಿದ್ಯಾಲಯದಿಂದಲೇ ಕಲಿತರು.

ಆ ಕ್ರಮ ಹೀಗಿದೆ. ಹೊಲದ ಈ ತುದಿಯಿಂದ ಆ ತುದಿಗೆ ಉದ್ದುದ್ದ ಪಟ್ಟೆಗಳು. ಪಟ್ಟೆಯ ಅಗಲ ಬಿತ್ತುವ ಯಂತ್ರ, ಕೊಯ್ಯುವ ಯಂತ್ರಗಳ ಅಗಲಕ್ಕೆ ಹೊಂದಬೇಕು, ಇಲ್ಲದಿದ್ದರೆ ಕೊಯ್ಲಲ್ಲಿ ಎರಡು ಪಟ್ಟೆಯ ಕಾಳು ಬೆರೆತುಹೋಗುತ್ತದೆ. ಒಂದು ಪಟ್ಟೆಗೆ ರೂಢಿಯಷ್ಟು ಗೊಬ್ಬರ, ಪಕ್ಕದ್ದಕ್ಕೆ ಕಡಿಮೆ. ಇಂಥ ಆರು ಜೋಡಿ. ಪ್ರತಿ ಜೋಡಿಯಲ್ಲಿ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಒಂದೇ ಜೋಡಿ ಸಾಲದು, ಯಾಕಂದ್ರೆ ಹೊಲದ ಒಂದು ಮಗ್ಗುಲು ಹಳೆಯ ದನದ ಕೊಟ್ಟಿಗೆಯ ಜಾಗ ಆಗಿರಬಹುದು, ಇನ್ನೊಂದು ಮಗ್ಗುಲಲ್ಲಿ ನೀರು ನಿಲ್ಲುತ್ತಿರಬಹುದು. ನಾಣ್ಯ ಯಾಕೆ? ಮನುಷ್ಯನ ಕೈ ತನಗೆ ಗೊತ್ತಿಲ್ಲದೆ ಒಳ್ಳೆ ಮಣ್ಣಿನ ಕಡೆಗೇ ತನ್ನ ಇಷ್ಟದ ಪಟ್ಟೆಯನ್ನು ತಳ್ಳುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಈ ಪಾಠ ಕಲಿಸಿದ್ದರು. ಅವರ ಕಾಲದ ತಾಕುಗಳು ಚಿಕ್ಕವು. ಬೂನ್‌ನ ರೈತರು ಅದನ್ನು ಟ್ರ್ಯಾಕ್ಟರ್ ಓಡುವಷ್ಟು ಉದ್ದಕ್ಕೆ ಎಳೆದರು, ಅಷ್ಟೇ.

ಕೊಯ್ಲಿನಲ್ಲಿ ಪ್ರತಿ ಪಟ್ಟೆಯ ಕಾಳನ್ನು ತೂಕದ ಬಂಡಿಗೆ ಸುರಿದು ತೂಗುತ್ತಿದ್ದರು. ತೇವಾಂಶ ನೋಡಿ ಎಲ್ಲ ತೂಕವನ್ನೂ ಶೇ 15.5 ತೇವಾಂಶದ ಲೆಕ್ಕಕ್ಕೆ ತರುತ್ತಿದ್ದರು. ಅಕ್ಕಪಕ್ಕದ ರೈತರೆಲ್ಲ ಕೊಯ್ಲಿನ ಗಡಿಬಿಡಿಯಲ್ಲಿ ಓಡುವಾಗ ಇವರು ಪಟ್ಟೆಪಟ್ಟೆಗೂ ನಿಂತು ತೂಗಬೇಕಿತ್ತು. ತಾಳ್ಮೆ ಬೇಕು ಸ್ವಾಮಿ.

ಇವರು ಪರೀಕ್ಷಿಸಿದ್ದರಲ್ಲಿ ಮುಖ್ಯವಾದದ್ದು ಅಯೊವಾ ಸ್ಟೇಟ್ ವಿಶ್ವವಿದ್ಯಾಲಯದ ಆಲ್‌ಫ್ರೆಡ್ ಬ್ಲ್ಯಾಕ್‌ಮರ್ ರೂಪಿಸಿದ ಮಣ್ಣು ಪರೀಕ್ಷೆ. ವರ್ಮಾಂಟ್ ರಾಜ್ಯದಲ್ಲಿ ಫ್ರೆಡ್ ಮ್ಯಾಗ್ಡಾಫ್ ಇದೇ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟಿದ್ದರು. ಗಿಡ ಅರ್ಧ ಅಡಿಯಿಂದ ಒಂದು ಅಡಿ ಎತ್ತರ ಇರುವಾಗ ಮೇಲಿನ ಒಂದು ಅಡಿ ಮಣ್ಣು ತೆಗೆದು ನೈಟ್ರೇಟ್ ನೋಡಬೇಕು. 25 ಪಿಪಿಎಂ (ಹತ್ತು ಲಕ್ಷ ಭಾಗ ಮಣ್ಣಲ್ಲಿ 25 ಭಾಗ) ಇದ್ದರೆ ಸಾಕು, ಇನ್ನು ಹಾಕುವುದು ಬೇಡ. ಕಡಿಮೆ ಇದ್ದರೆ, ಕೊರತೆಯನ್ನು ಎಂಟರಿಂದ ಗುಣಿಸಿ ಎಕರೆಗೆ ಅಷ್ಟು ಪೌಂಡ್ ಮೇಲುಗೊಬ್ಬರ. ಈ ಲೆಕ್ಕದಲ್ಲಿ ಮೊದಲ ಸಲ ಮಣ್ಣಿಗೂ ಒಂದು ಮಾತು ಸಿಕ್ಕಿತು. ಆದರೆ ಕಾಲಾವಕಾಶ ಬಹಳ ಕಡಿಮೆ. ಮಣ್ಣು ತೆಗೆದು, ಲ್ಯಾಬಿಗೆ ಕಳಿಸಿ, ಉತ್ತರ ತರಿಸಿ, ಗಿಡ ಟ್ರ್ಯಾಕ್ಟರ್‌ಗೆ ಎತ್ತರವಾಗುವ ಮೊದಲು ಗೊಬ್ಬರ ಹಾಕಿ ಮುಗಿಸಬೇಕು. ಆ ವಾರ ಮಳೆ ಹಿಡಿದರೆ ಮುಗಿಯಿತು ಕತೆ. ಸಾವಿರ ಎಕರೆ ಮಾಡುವವರು ಹಿಂದಿನ ಶರತ್ಕಾಲದಲ್ಲೇ ಅಮೋನಿಯಾ ಹಾಕಿ ನಿಶ್ಚಿಂತೆಯಿಂದ ಇರಲು ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬ್ಲ್ಯಾಕ್‌ಮರ್ ತಂಡ ದಂಟಿನ ಪರೀಕ್ಷೆಯನ್ನೂ ಕೊಟ್ಟಿತು. ಬೆಳೆ ಬಲಿತ ಮೇಲೆ ನೆಲದಿಂದ ಆರು ಇಂಚು ಬಿಟ್ಟು ಎಂಟು ಇಂಚಿನ ತುಂಡು ಕತ್ತರಿಸುವುದು. ಅದರಲ್ಲಿ ನೈಟ್ರೇಟ್ 2000 ಪಿಪಿಎಂ ದಾಟಿದ್ದರೆ ಗೊಬ್ಬರ ಜಾಸ್ತಿಯಾಗಿತ್ತು ಅಂತ ಅರ್ಥ. ಊಟ ಮುಗಿದ ಮೇಲೆ ಹಂಡೆಯಲ್ಲಿ ಎಷ್ಟು ಅನ್ನ ಉಳಿದಿದೆ ಅಂತ ನೋಡಿದ ಹಾಗೆ. ಈ ವರ್ಷಕ್ಕೆ ಉಪಯೋಗವಿಲ್ಲ, ಮುಂದಿನ ಅಡುಗೆಗೆ ಆಗುತ್ತದೆ.

ಇಂಥ ಪ್ರಯೋಗಗಳ ರಾಶಿ ಬೆಳೆದಂತೆ ಸ್ಟ್ಯಾನ್‌ಫರ್ಡ್ ಸೂತ್ರದ ಬುಡ ಅಲುಗಾಡಿತು. ಇಳುವರಿಗೂ ಬೇಕಾದ ಸಾರಜನಕಕ್ಕೂ ನೇರ ಸಂಬಂಧವೇ ಕಾಣಲಿಲ್ಲ. ಭರ್ಜರಿ ಬೆಳೆ ಬಂದ ವರ್ಷ ಮಣ್ಣೇ ಜಾಸ್ತಿ ಕೊಟ್ಟಿರುತ್ತಿತ್ತು, ಗೊಬ್ಬರ ಕಡಿಮೆ ಸಾಕಾಗುತ್ತಿತ್ತು. 2005ರ ಆಸುಪಾಸಿನಲ್ಲಿ ಅಯೊವಾ, ಇಲಿನಾಯ್ ಮತ್ತು ಸುತ್ತಲಿನ ರಾಜ್ಯಗಳ ವಿಶ್ವವಿದ್ಯಾಲಯಗಳು ಸೂತ್ರವನ್ನು ಕೈಬಿಟ್ಟವು. ನೂರಾರು ಪ್ರಯೋಗಗಳ ಫಲಿತಾಂಶ ಒಟ್ಟು ಹಾಕಿ, ಯಾವ ಪ್ರಮಾಣದಲ್ಲಿ ಕೈಗೆ ಅತಿ ಹೆಚ್ಚು ದುಡ್ಡು ಉಳಿಯುತ್ತದೆ ಅಂತ ಲೆಕ್ಕ ಹಾಕುವ ಪದ್ಧತಿ ತಂದವು. ಸೋಯಾ ನಂತರದ ಮೆಕ್ಕೆಜೋಳಕ್ಕೆ ಅಯೊವಾದಲ್ಲಿ ಅದು ಹೇಳುತ್ತಿದ್ದದ್ದು ಎಕರೆಗೆ 140 ಪೌಂಡ್ ಆಸುಪಾಸು, ಸುಮಾರು 63 ಕಿಲೋ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ಯಾಕಂದ್ರೆ ನಮ್ಮ ಕಡೆಗೂ ಇದು ತಾಗುತ್ತದೆ. ಒಂದು ಪೌಂಡ್ ಸಾರಜನಕಕ್ಕೆ ಅರ್ಧ ಡಾಲರ್, ಒಂದು ಬುಶೆಲ್ ಮೆಕ್ಕೆಜೋಳಕ್ಕೆ 5 ಡಾಲರ್ ಅಂದುಕೊಳ್ಳಿ. ಆಗ ಅಯೊವಾದ ರೈತ ಕೊನೆಯಲ್ಲಿ ಹಾಕುವ ಒಂದೊಂದು ಕಿಲೋ ಸಾರಜನಕವೂ ಐದೂವರೆ ಕಿಲೋಗಿಂತ ಹೆಚ್ಚು ಕಾಳು ತಂದುಕೊಡಬೇಕು. ಇಲ್ಲದಿದ್ದರೆ ಅದು ನಷ್ಟ. ನಮ್ಮಲ್ಲಿ 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ ಚಿಲ್ಲರೆ. ಅದರಲ್ಲಿ ಸಾರಜನಕ ಸುಮಾರು 20.7 ಕಿಲೋ, ಅಂದ್ರೆ ಕಿಲೋಗೆ 13 ರೂಪಾಯಿ. ಮೆಕ್ಕೆಜೋಳದ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಈ ಲೆಕ್ಕದಲ್ಲಿ ದಾವಣಗೆರೆ, ಹಾವೇರಿಯ ರೈತನಿಗೆ ಒಂದು ಕಿಲೋ ಸಾರಜನಕ ಅರ್ಧ ಕಿಲೋಗಿಂತ ತುಸು ಜಾಸ್ತಿ ಕಾಳು ತಂದರೂ ಅಸಲು ವಾಪಸ್. ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗಿದ್ದರೂ ಒಂದು ಕಿಲೋ ಕಾಳು ದಾಟುವುದು ಕಷ್ಟ. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಅಂಗಡಿಗಳ ಮುಂದೆ ಸಾಲು ನಿಂತವರನ್ನು ದುರಾಸೆಯವರು ಅಂತ ಬೈಯುವ ಮೊದಲು ಈ ಲೆಕ್ಕ ನೋಡಬೇಕು. ಅವರು ಲೆಕ್ಕ ತಪ್ಪಿಲ್ಲ. ಸಬ್ಸಿಡಿ ಬೆಲೆಯಲ್ಲಿ ಕಡಿಮೆ ಹಾಕಿ ಅನ್ನುವ ಸಲಹೆಗೆ ಜೇಬಿನಲ್ಲಿ ಆಧಾರವೇ ಇಲ್ಲ. ಅಯೊವಾದ ಉತ್ತರವನ್ನು ಹಾಗೇ ತಂದು ಇಲ್ಲಿ ಬಿತ್ತಲು ಆಗದಿರುವುದಕ್ಕೆ ಮಣ್ಣು, ಮಳೆ ಮಾತ್ರ ಕಾರಣವಲ್ಲ.

ಅಯೊವಾದಲ್ಲೂ ಜಾಸ್ತಿ ಹಾಕುವ ರೂಢಿ ಪೂರ್ತಿ ಹೋಗಲಿಲ್ಲ. ಗೊಬ್ಬರ ಏರಿಸುತ್ತ ಹೋದಂತೆ ಇಳುವರಿ ಏರಿ ಏರಿ ಕೊನೆಗೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಜಾಗದಲ್ಲಿ ಹತ್ತು ಕಿಲೋ ಹೆಚ್ಚಾದರೆ ಕೈಬಿಡುವುದು ಸ್ವಲ್ಪ ದುಡ್ಡು. ಕಡಿಮೆಯಾದರೆ ಹೊಲ ಹಳದಿಯಾಗುತ್ತದೆ, ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಒಣಗುತ್ತವೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಆ ಮುಜುಗರಕ್ಕೆ ಬೆಲೆ ಕಟ್ಟುವುದು ಹೇಗೆ? 'ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟ್' ಎಂಬ ಸಂಸ್ಥೆ 2000ರ ದಶಕದಲ್ಲಿ ಒಂದು ಯೋಜನೆ ನಡೆಸಿತು. ಗೊಬ್ಬರ ಕಡಿಮೆ ಮಾಡಿ, ಒಂದು ಪಟ್ಟೆಯಲ್ಲಿ ಮಾತ್ರ ನಿಮ್ಮ ರೂಢಿಯಷ್ಟು ಹಾಕಿ, ಆ ಪಟ್ಟೆಗಿಂತ ಉಳಿದ ಹೊಲದಲ್ಲಿ ಆದಾಯ ಕಡಿಮೆಯಾದರೆ ತುಂಬಿಕೊಡುತ್ತೇವೆ. ನೂರು ವರ್ಷದ ಹಿಂದೆ ಟೆರೆಲ್‌ನ ವ್ಯಾಪಾರಿಗಳು ಕೊಟ್ಟ ಭರವಸೆಯೇ ಇದು. ಆಗ ಹೊಸದನ್ನು ಮಾಡಲು ಧೈರ್ಯ ಕೊಡಬೇಕಿತ್ತು, ಈಗ ಕಡಿಮೆ ಹಾಕಲು.

ಪ್ರಯೋಗ ಮಾಡುವ ಶ್ರಮ ಮಾತ್ರ ಕಡಿಮೆಯಾಗಿದೆ. 1992ರಲ್ಲಿ ಅಯೊವಾದ ಏಮ್ಸ್ ಊರಿನ ಆ್ಯಗ್ ಲೀಡರ್ ಕಂಪನಿ, ಕೊಯ್ಯುತ್ತಲೇ ಇಳುವರಿ ಅಳೆಯುವ ಯಂತ್ರ ತಂದಿತು. ಅದಕ್ಕೆ ಜಿಪಿಎಸ್ ಸೇರಿದ ಮೇಲೆ ತೂಕದ ಬಂಡಿ ಮೂಲೆ ಸೇರಿತು. 2016ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಶುರು ಮಾಡಿದ ಯೋಜನೆಯಲ್ಲಿ ಪ್ರಯೋಗದ ನಕ್ಷೆಯನ್ನು ಟ್ರ್ಯಾಕ್ಟರ್‌ನ ಕಂಪ್ಯೂಟರ್‌ಗೆ ತುಂಬಿದರೆ ಯಂತ್ರವೇ ಒಂದೊಂದು ಚೌಕಕ್ಕೆ ಒಂದೊಂದು ಪ್ರಮಾಣ ಹಾಕುತ್ತದೆ. ರೈತ ಸುಮ್ನೆ ಸ್ಟೀರಿಂಗ್ ಹಿಂದೆ ಕೂತಿದ್ದರೆ ಸಾಕು. ಅಯೊವಾ ಸ್ಟೇಟ್ ವಿಶ್ವವಿದ್ಯಾಲಯವೂ ಈ ದಶಕದಲ್ಲಿ 'ಅಯೊವಾ ನೈಟ್ರೋಜನ್ ಇನಿಶಿಯೇಟಿವ್' ಹೆಸರಲ್ಲಿ ರೈತರ ಹೊಲಗಳಲ್ಲೇ ಇಂಥ ಪ್ರಯೋಗ ನಡೆಸುತ್ತಿದೆ.

ಇಷ್ಟೆಲ್ಲ ಆದ ಮೇಲೆ ಉತ್ತರ ಕಡಿಮೆಯಾಯಿತೇ? ಇಲ್ಲ. ಲಾಭಕ್ಕೆ ಬೇಕಾದ ಸಾರಜನಕದ ಪ್ರಮಾಣ ದಶಕಗಳಿಂದ ನಿಧಾನವಾಗಿ ಏರುತ್ತಿದೆ ಅಂತ ಆ ರಾಜ್ಯಗಳ ಹಳೆಯ ಪ್ರಯೋಗಗಳ ದಾಖಲೆಯೇ ತೋರಿಸುತ್ತಿದೆ. ಮಳೆ ಜಾಸ್ತಿ ಬಂದ ವರ್ಷ ಕೊಚ್ಚಿಹೋಗುವುದೂ ಜಾಸ್ತಿ, ಬೇಕಾಗುವುದೂ ಜಾಸ್ತಿ. ಗೊಬ್ಬರ ಕಡಿಮೆ ಮಾಡಲು ಪುರಾವೆ ಬೇಕು ಅಂತ ಶುರುವಾದ ಪಟ್ಟೆಗಳು ಕೆಲವು ವರ್ಷ, ಕೆಲವು ಹೊಲಗಳಲ್ಲಿ ಇನ್ನಷ್ಟು ಹಾಕಿ ಅನ್ನುತ್ತಿವೆ. ನೀರಿನ ಬಗ್ಗೆ ಚಿಂತಿಸುವವರಿಗೆ ಇದು ನುಂಗಲಾರದ ತುತ್ತು. ಪ್ರಾಮಾಣಿಕವಾಗಿ ಪ್ರಶ್ನೆ ಕೇಳಿದರೆ ಬೇಡದ ಉತ್ತರವೂ ಬರುತ್ತದಲ್ಲ.

ಈ ಹೊಲಗಳ ನೀರು ಹರಿದು ಬರುವ ಕಡೆ ಇರುವ ಅಯೊವಾದ ಡಿ ಮೊಯ್ನ್ ನಗರ, ರಕೂನ್ ಮತ್ತು ಡಿ ಮೊಯ್ನ್ ನದಿಗಳ ನೀರು ಕುಡಿಯುತ್ತದೆ. ನೈಟ್ರೇಟ್ ತೆಗೆಯಲೆಂದೇ 1990ರ ದಶಕದ ಶುರುವಿನಲ್ಲಿ ದೊಡ್ಡ ಘಟಕ ಕಟ್ಟಿಕೊಂಡ ನಗರ ಅದು. ನದಿಯ ಮೇಲ್ಭಾಗದ ಮೂರು ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಬಸಿಗಾಲುವೆ ವ್ಯವಸ್ಥೆಯ ಮೇಲೆ ಅಲ್ಲಿನ ನೀರು ಸರಬರಾಜು ಸಂಸ್ಥೆ 2015ರಲ್ಲಿ ಕೋರ್ಟಿಗೆ ಹೋಯಿತು. 2017ರಲ್ಲಿ ಕೇಸು ಬಿದ್ದುಹೋಯಿತು. 2025ರ ಜೂನ್‌ನಲ್ಲಿ ನದಿಗಳ ನೈಟ್ರೇಟ್ ಎಷ್ಟು ಏರಿತೆಂದರೆ, ಲೀಟರಿಗೆ 10 ಮಿಲಿಗ್ರಾಂ ಮಿತಿಯೊಳಗೆ ಇರಲು ಜನ ಮನೆ ಮುಂದಿನ ಹುಲ್ಲಿಗೆ ನೀರು ಹಾಕುವುದನ್ನೇ ನಿಷೇಧಿಸಬೇಕಾಯಿತು. ಆ ಹೊತ್ತಿಗೆ ಮೇಲಿನ ಹೊಲಗಳಲ್ಲಿ ಆ ವರ್ಷದ ಪ್ರಯೋಗದ ಪಟ್ಟೆಗಳೂ ಬೆಳೆಯುತ್ತಿದ್ದವು. ಅವುಗಳ ಫಲಿತಾಂಶ ಗೊತ್ತಾಗಲು ಕೊಯ್ಲಿನವರೆಗೆ ಕಾಯಬೇಕಿತ್ತು.